ಬೆಳ್ಳಿ ಕಟ್ಟಿಸಿಕೊಂಡ ಪಿಂಗಾಣಿ

1587-88ರ ಹೊಸ ವರ್ಷಕ್ಕೆ ಇಂಗ್ಲೆಂಡಿನ ರಾಣಿ ಒಂದನೇ ಎಲಿಜಬೆತ್‌ಗೆ ಬಂದ ಉಡುಗೊರೆಗಳ ಪಟ್ಟಿ ಇಂದಿಗೂ ಉಳಿದಿದೆ. ಅದರಲ್ಲಿ ರಾಜ್ಯದ ಖಜಾನೆಯ ಹೊಣೆ ಹೊತ್ತಿದ್ದ ವಿಲಿಯಂ ಸೆಸಿಲ್, ಅಂದರೆ ಲಾರ್ಡ್ ಬರ್ಲಿ, ಕೊಟ್ಟ ಒಂದು ಬಟ್ಟಲಿನ ಉಲ್ಲೇಖವಿದೆ: ಬಿಳಿ ಪಿಂಗಾಣಿಯದು, ಚಿನ್ನ ಕಟ್ಟಿಸಿದ್ದು. ಮಗ ರಾಬರ್ಟ್ ಸೆಸಿಲ್ ಹಸಿರು ಪಿಂಗಾಣಿಯ ಲೋಟವೊಂದನ್ನು ಒಪ್ಪಿಸಿದ. ಬೊಕ್ಕಸದ ಕೀಲಿಕೈ ಇದ್ದವನೇ ತನ್ನ ರಾಣಿಗೆ ತಕ್ಕ ಕಾಣಿಕೆಯೆಂದು ಮಣ್ಣಿನ ಬಟ್ಟಲನ್ನು ಆರಿಸಿದ್ದ.

ಆದರೆ ಅಂಥ ಮಣ್ಣು ಆಗ ಯುರೋಪಿನಲ್ಲಿ ಯಾರ ಕೈಗೂ ಒಲಿದಿರಲಿಲ್ಲ. ಚೀನಾದ ಜಿಂಗ್‌ಡೆಝೆನ್ ಊರಿನ ಕುಂಬಾರರು ಬಿಳಿ ಜೇಡಿಯ ಹಸಿ ಪಾತ್ರೆಯ ಮೇಲೆ ಕೋಬಾಲ್ಟ್ ನೀಲಿಯಿಂದ ಚಿತ್ರ ಬರೆದು, ಮೇಲೆ ಗಾಜಿನಂಥ ಮೆರುಗು ಕೊಟ್ಟು, ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖದ ಆವಿಗೆಯಲ್ಲಿ ಸುಡುತ್ತಿದ್ದರು. ಬೆಳಕಿಗೆ ಹಿಡಿದರೆ ತೆಳುವಾಗಿ ಹೊಳೆಯುವ, ಬೆರಳಿನಿಂದ ತಟ್ಟಿದರೆ ಗಂಟೆಯಂತೆ ನುಡಿಯುವ ಈ ಪಾತ್ರೆಯ ಗುಟ್ಟು ಯುರೋಪಿಗೆ ತಿಳಿದದ್ದು 1708ರ ಸುಮಾರಿಗೆ. ಜರ್ಮನಿಯ ಮೈಸನ್‌ನಲ್ಲಿ ಕಾರ್ಖಾನೆ ಶುರುವಾದದ್ದು 1710ರಲ್ಲಿ. ಅಲ್ಲಿಯವರೆಗೆ ಪಿಂಗಾಣಿ ಎಂದರೆ ಅಚ್ಚರಿಯ ವಸ್ತು. ವಿಷ ಸುರಿದರೆ ಪಾತ್ರೆ ತಾನಾಗಿಯೇ ಸೀಳುತ್ತದೆ ಎಂಬ ನಂಬಿಕೆಯೂ ಇತ್ತು. ಅರಮನೆಗಳಲ್ಲಿ ಇದಕ್ಕಿಂತ ದೊಡ್ಡ ಗುಣ ಇನ್ನೇನು ಬೇಕು!

ನಮ್ಮಲ್ಲಿ ರುದ್ರಾಕ್ಷಿಗೆ ಚಿನ್ನ ಕಟ್ಟಿಸುವ ಹಾಗೆ ಅವರು ಪಿಂಗಾಣಿಗೆ ಬೆಳ್ಳಿ ಕಟ್ಟಿಸಿದರು. ಲಂಡನ್ನಿನ ಅಕ್ಕಸಾಲಿಗರ ಈ ಕೆಲಸವನ್ನು ಹತ್ತಿರದಿಂದ ನೋಡಬೇಕು. ಪಾತ್ರೆಯ ತಳಕ್ಕೊಂದು ಬಳೆ, ಬಾಯಿಗೊಂದು ಪಟ್ಟಿ. ಎರಡನ್ನೂ ಸೇರಿಸಲು ಪಾತ್ರೆಯ ಹೊಟ್ಟೆಯ ಮೇಲೆ ಉದ್ದಕ್ಕೆ ಇಳಿಯುವ ಮೂರೋ ನಾಲ್ಕೋ ಸಣ್ಣ ಪಟ್ಟಿಗಳು. ಈ ಪಟ್ಟಿಗಳ ತುದಿಯಲ್ಲಿ ಬಾಗಿಲಿಗೆ ಇರುವಂಥ ಪುಟ್ಟ ಕೀಲುಗಳು; ಕೀಲಿಗೆ ಸೂಜಿಯಷ್ಟು ಸಣ್ಣ ಮೊಳೆ. ಅಂಟಿಲ್ಲ, ಬೆಸುಗೆ ಪಿಂಗಾಣಿಗೆ ತಾಗುವುದಿಲ್ಲ, ಬಹುಪಾಲು ರಂಧ್ರವೂ ಇಲ್ಲ. ಬಳೆಯ ಅಂಚನ್ನು ಎಲೆಯ ಹಲ್ಲಿನಂತೆ ಕತ್ತರಿಸಿ, ಆ ಹಲ್ಲುಗಳನ್ನು ಪಾತ್ರೆಯ ಮೈಗೆ ಮೆತ್ತಗೆ ಒತ್ತಿರುತ್ತಾರೆ. ಒಂದು ಗುಲಗಂಜಿಯಷ್ಟು ಹೆಚ್ಚು ಬಲ ಬಿದ್ದರೂ ಸಾವಿರಾರು ಮೈಲಿ ಸಮುದ್ರ ದಾಟಿ ಬಂದ ಪಾತ್ರೆ ಚೂರಾಗುತ್ತಿತ್ತು. ಹೀಗೆ ಬಟ್ಟಲಿಗೆ ಕಾಲು ಬಂದು ಪಾನಪಾತ್ರೆಯಾಯಿತು. ಸೀಸೆಗೆ ಹಿಡಿ, ಮೂತಿ, ಮುಚ್ಚಳ ಬಂದು ಹೂಜಿಯಾಯಿತು. ಬರ್ಲಿಯ ಮನೆತನದಲ್ಲಿದ್ದ ಇಂಥ ನೀಲಿ-ಬಿಳಿ ಪಾತ್ರೆಗಳು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿವೆ. ಪಿಂಗಾಣಿ ಚೀನಾದ ವಾನ್‌ಲಿ ಚಕ್ರವರ್ತಿಯ ಕಾಲದ್ದು. ಚಿನ್ನದ ಲೇಪದ ಬೆಳ್ಳಿಕಟ್ಟು ಸುಮಾರು 1585ರ ಲಂಡನ್ನಿನದು.

ಕಟ್ಟಿನ ಅಂದವನ್ನು ಹೊಗಳುವವರು ಬಹಳ. ಅದು ಹೇಳುವ ಸಾಕ್ಷ್ಯದ ಕಡೆ ಗಮನ ಕೊಡುವವರು ಕಡಿಮೆ. ಲಂಡನ್ನಿನಲ್ಲಿ ಪರೀಕ್ಷೆಗೆ ಹೋದ ಬೆಳ್ಳಿಗೆ 1478ರಿಂದಲೇ ವರ್ಷ ಸೂಚಿಸುವ ಅಕ್ಷರವನ್ನು ಒತ್ತುವ ಪದ್ಧತಿ ಬಂದಿತ್ತು. ಚೀನಾದ ಕುಂಬಾರ ತನ್ನ ಬಟ್ಟಲನ್ನು ಯಾವ ವರ್ಷ ಸುಟ್ಟ ಎಂದು ಹೇಳುವುದು ಕಷ್ಟ. ಹಿಂದಿನ ಚಕ್ರವರ್ತಿಗಳ ಮುದ್ರೆಯನ್ನೇ ಮುಂದಿನವರ ಕಾಲದಲ್ಲೂ ಬರೆಯುವ ರೂಢಿ ಅಲ್ಲಿತ್ತು. ಬೆಳ್ಳಿಯ ಹಾಲ್‌ಮಾರ್ಕ್ ಹಾಗಲ್ಲ. ‘ಲೆನಾರ್ಡ್ ಕಪ್’ ಎಂದು ಹೆಸರಾದ ನೀಲಿ-ಬಿಳಿ ಬಟ್ಟಲಿನ ಬೆಳ್ಳಿಯ ಮೇಲೆ 1569-70ರ ಗುರುತಿದೆ. ಆ ಹೊತ್ತಿಗೆ ಬಟ್ಟಲು ಇಂಗ್ಲೆಂಡ್ ತಲುಪಿತ್ತು ಎಂಬುದರಲ್ಲಿ ಅನುಮಾನವೇ ಇಲ್ಲ.

ತಲುಪಿದ್ದು ಹೇಗೆ? ಆ ಕಾಲದ ಪಿಂಗಾಣಿಯ ಹೆದ್ದಾರಿ ಪೋರ್ಚುಗೀಸರ ಹಡಗು: ಮಕಾವ್, ಮಲಕ್ಕಾ, ನಮ್ಮ ನೆರೆಯ ಗೋವಾ, ಅಲ್ಲಿಂದ ಲಿಸ್ಬನ್. ಅವರಿಗೂ ಮೊದಲೇ ಅರಬ್ ಮತ್ತು ಚೀನೀ ವರ್ತಕರು ಈ ಸರಕನ್ನು ಪಶ್ಚಿಮ ಕರಾವಳಿಗೆ ತರುತ್ತಿದ್ದರು. ಹಂಪಿಯ ಉತ್ಖನನಗಳಲ್ಲಿ ಚೀನಾ ಪಿಂಗಾಣಿಯ ಚೂರುಗಳು ಸಿಕ್ಕಿವೆ. ವಿಜಯನಗರದ ಸಿರಿವಂತರ ಮನೆಗಳಿಗೂ ಲಂಡನ್ನಿನ ಆಸ್ಥಾನಕ್ಕೂ ಸರಕು ಒದಗಿಸಿದ ದೇಶ ಒಂದೇ.

1603ರಲ್ಲಿ ಡಚ್ಚರು ಸಿಂಗಪುರದ ಬಳಿ ‘ಸಾಂತಾ ಕತರಿನಾ’ ಎಂಬ ಪೋರ್ಚುಗೀಸ್ ಹಡಗನ್ನು ಹಿಡಿದರು. ಅದರಲ್ಲಿದ್ದ ಪಿಂಗಾಣಿ ಪಾತ್ರೆಗಳು ಸುಮಾರು ಒಂದು ಲಕ್ಷ ಎನ್ನುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ಹರಾಜಿನಲ್ಲಿ ಕೊಂಡವರಲ್ಲಿ ಫ್ರಾನ್ಸಿನ ದೊರೆ ನಾಲ್ಕನೇ ಹೆನ್ರಿಯೂ ಇದ್ದ. ಆಮೇಲೆ ಸರಕು ಹೊಳೆಯಾಗಿ ಹರಿಯಿತು. ಪಿಂಗಾಣಿ ವರ್ತಕರ ಮನೆಯ ಊಟದ ಮೇಜಿಗೂ ಬಂತು, ವಿಲ್ಲೆಮ್ ಕಾಲ್ಫ್‌ನಂಥ ಕಲಾವಿದರ ಚಿತ್ರಗಳಿಗೂ ಬಂತು. ಪ್ರತಿ ಬಟ್ಟಲಿಗೂ ಬೆಳ್ಳಿ ಕಟ್ಟಿಸುವ ಅಗತ್ಯ ಉಳಿಯಲಿಲ್ಲ. ಮೂತಿ ಮುರಿದ ಹೂಜಿಗೆ ಬೆಳ್ಳಿಯ ಮೂತಿ ಹಾಕಿಸುವುದು ಮಾತ್ರ ನಿಲ್ಲಲಿಲ್ಲ.

18ನೇ ಶತಮಾನದ ಪ್ಯಾರಿಸ್ ಈ ಕಲೆಗೆ ಮತ್ತೆ ಜೀವ ಕೊಟ್ಟಿತು. ಈ ಸಲ ಬೆಳ್ಳಿಯಲ್ಲ, ಚಿನ್ನದ ಲೇಪದ ಕಂಚು. ಚಿನ್ನವನ್ನು ಪಾದರಸದಲ್ಲಿ ಕರಗಿಸಿ ಕಂಚಿಗೆ ಸವರಿ, ಕಾಯಿಸಿ ಪಾದರಸವನ್ನು ಆವಿ ಮಾಡುವ ವಿಧಾನ. ಹೊಳಪು ಅದ್ಭುತ, ಆ ಆವಿ ಕೆಲಸಗಾರರ ಆರೋಗ್ಯವನ್ನೇ ತಿಂದಿತು. ಲಜಾರ್ ದ್ಯುವೊ ಎಂಬ ವ್ಯಾಪಾರಿಯ 1748ರಿಂದ 1758ರವರೆಗಿನ ದಿನವಹಿ ಉಳಿದಿದ್ದು, ಫ್ರಾನ್ಸಿನ ಆಗಿನ ದೊರೆಯ ಪ್ರೇಯಸಿ ಮದಾಂ ದ ಪೊಂಪದೂರ್ ಅವನ ದೊಡ್ಡ ಗಿರಾಕಿ. ಕೆಲವು ಕಟ್ಟುಗಳ ಮೇಲೆ ಕಿರೀಟವಿರುವ ‘ಸಿ’ ಅಕ್ಷರ ಒತ್ತಿದೆ. ಅದು 1745ರಿಂದ 1749ರವರೆಗೆ ಮಾತ್ರ ಇದ್ದ ತೆರಿಗೆಯ ಗುರುತು. ಇಲ್ಲೂ ಕಾಲ ಹೇಳುವುದು ಲೋಹವೇ. ಆದರೂ ಪ್ಯಾರಿಸ್ಸಿನ ಕೆಲಸಕ್ಕಿಂತ ಲಂಡನ್ನಿನದೇ ಮೇಲು. ಪ್ಯಾರಿಸ್ಸಿನವರು ತಮ್ಮ ಕಂಚಿಗೆ ಹೊಂದಲೆಂದು ಪಾತ್ರೆಯನ್ನೇ ಕೊರೆದದ್ದುಂಟು, ಕತ್ತರಿಸಿದ್ದುಂಟು. ಲಂಡನ್ನಿನ ಕಟ್ಟು ಹೆಚ್ಚಾಗಿ ಪಾತ್ರೆಯನ್ನು ಕಾಪಾಡಿತು.

ಕಟ್ಟು ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯಾಗಿ ಡಬ್ಲಿನ್ನಿನ ಐರ್ಲೆಂಡ್ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಒಂದು ಹೂದಾನಿಯಿದೆ. ಅದು ನೀಲಿ ಚಿತ್ರದ್ದಲ್ಲ. ತಿಳಿನೀಲಿ ಛಾಯೆಯ ಬಿಳಿ ಪಾತ್ರೆ, 14ನೇ ಶತಮಾನದ ಆರಂಭದ್ದು. ಯುರೋಪ್ ತಲುಪಿದ ಚೀನಾ ಪಿಂಗಾಣಿಗಳಲ್ಲಿ ದಾಖಲೆಯಿರುವ ಅತಿ ಹಳೆಯದು. ಹಂಗೇರಿಯ ದೊರೆ ಲೂಯಿಯ ಬಳಿ ಇದ್ದಾಗ ಅದಕ್ಕೆ ಲಾಂಛನಗಳ ಬೆಳ್ಳಿಕಟ್ಟು ಬಂದು ಹೂಜಿಯಾಗಿತ್ತು. 1713ರಲ್ಲಿ ಫ್ರಾನ್ಸಿನ ಸಂಗ್ರಾಹಕ ಗೆನ್ಯೇರ್‌ನ ಬಳಿ ಇದ್ದಾಗ ಬಣ್ಣದಲ್ಲಿ ಅದರ ಚಿತ್ರ ಬರೆಸಲಾಯಿತು. ಮುಂದೆ ಇಂಗ್ಲೆಂಡಿನ ವಿಲಿಯಂ ಬೆಕ್‌ಫರ್ಡ್‌ನ ಕೈಸೇರಿತು. 19ನೇ ಶತಮಾನದಲ್ಲಿ ಯಾರೋ ಕಟ್ಟನ್ನು ಕಿತ್ತರು. ಬೆಳ್ಳಿಯ ಜೊತೆಗೆ ಚರಿತ್ರೆಯೂ ಹೋಯಿತು. 1882ರಲ್ಲಿ ಡಬ್ಲಿನ್ ಅದನ್ನು ಕೊಂಡಾಗ ಅದರ ಪೂರ್ವಾಪರ ಯಾರಿಗೂ ತಿಳಿದಿರಲಿಲ್ಲ. ಹಳೆಯ ಚಿತ್ರದ ಹೂಜಿಯೂ ಈ ಹೂದಾನಿಯೂ ಒಂದೇ ಎಂದು ಆರ್ಥರ್ ಲೇನ್ 1961ರಲ್ಲಿ ತೋರಿಸಿಕೊಟ್ಟರು. ಮೂತಿ ಕೂರಿಸಲು ಕೊರೆದ ರಂಧ್ರ ಪಾತ್ರೆಯ ಮೈಮೇಲೆ ಹಾಗೇ ಇದೆ.

ಹಿರಿಯರ ಕಾಲದ ಪಿಂಗಾಣಿ ಮನೆಯಲ್ಲಿದ್ದು, ಅದಕ್ಕೆ ಬೆಳ್ಳಿಯದೋ ಹಿತ್ತಾಳೆಯದೋ ಪಟ್ಟಿ ಇದ್ದರೆ ದಯವಿಟ್ಟು ಬಿಚ್ಚಬೇಡಿ, ಬೆಳ್ಳಿಯನ್ನು ಬೇರೆಯಾಗಿ ತೂಕಕ್ಕೆ ಹಾಕಬೇಡಿ. ಹುಣಸೆಹಣ್ಣು ಹಚ್ಚಿ ತಿಕ್ಕಲೂ ಹೋಗಬೇಡಿ. ಹಳೆಯ ಚಿನ್ನದ ಲೇಪ ತೀರಾ ತೆಳು, ತಿಕ್ಕಿದರೆ ಹೋದದ್ದೇ. ಲೋಹದ ಒಳಅಂಚಿನಲ್ಲಿ ಪುಟ್ಟ ಮುದ್ರೆಗಳಿವೆಯೇ ಎಂದು ಭೂತಗನ್ನಡಿ ಹಿಡಿದು ಮೊದಲು ನೋಡಿ.