ಪೋರ್ತುಗೀಜರಿಗೆ ಇಂಗ್ಲಿಷು ಮಾತು

ಪರಭಾಷೆಯನ್ನು ಕಲಿಯಲು ಹೊರಟವನಿಗೆ ಅಪರಿಚಿತವಾದ ಶಬ್ದದಿಂದ ಆಗುವ ಕೇಡು ಅಲ್ಪ. ಪರಿಚಿತವೆಂದು ತೋರುವ ಶಬ್ದದಿಂದ ಆಗುವ ಕೇಡೇ ಅಧಿಕ. ಅಪರಿಚಿತ ಶಬ್ದವು ಎದುರಾದಾಗ ಅವನು ನಿಂತು ಬಲ್ಲವರನ್ನು ಕೇಳುವನು, ಇಲ್ಲವೆ ಕೋಶವನ್ನು ತೆರೆಯುವನು. ತನ್ನ ಮನೆಯ ಮಾತಿನಂತೆಯೇ ಇರುವ ಶಬ್ದವು ಎದುರಾದರೆ, ಯಾವ ಶಂಕೆಯೂ ಇಲ್ಲದೆ ಅದನ್ನು ಆಡಿಬಿಡುವನು. ನಮ್ಮಲ್ಲಿ ಹಿಂದಿಯನ್ನು ಕಲಿತವರಿಗೆ ಇದು ಹೊಸ ಸಂಗತಿಯಲ್ಲ. ಅವರ 'ಶಿಕ್ಷಾ' ವಿದ್ಯಾಭ್ಯಾಸ. ನಮ್ಮ 'ಶಿಕ್ಷೆ' ದಂಡನೆ. ಅವರ 'ಉಪನ್ಯಾಸ' ಕಾದಂಬರಿ, ನಮ್ಮದು ಭಾಷಣ. ಅವರ 'ಅವಸರ' ಸದವಕಾಶ, ನಮ್ಮದು ತ್ವರೆ. ಒಂದೇ ಸಂಸ್ಕೃತದ ಮನೆಯಿಂದ ಹೊರಟ ಶಬ್ದಗಳು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಸಂಸಾರಗಳನ್ನು ಹೂಡಿರುವುವು.

ಇಂಥದೇ ತೊಡಕು ಪೋರ್ತುಗೀಜ ಭಾಷೆಯನ್ನಾಡುವವರಿಗೆ ಇಂಗ್ಲಿಷಿನಲ್ಲಿ ಹೆಜ್ಜೆಹೆಜ್ಜೆಗೂ ಒದಗುವುದು. ಪೋರ್ತುಗೀಜವು ಲ್ಯಾಟಿನ್ ಭಾಷೆಯ ಮಗಳು. ಇಂಗ್ಲಿಷಾದರೋ ಜರ್ಮನ್ ಕುಲಕ್ಕೆ ಸೇರಿದುದಾಗಿಯೂ ಲ್ಯಾಟಿನ್ನಿನಿಂದಲೂ ಫ್ರೆಂಚಿನಿಂದಲೂ ಸಹಸ್ರಾರು ಶಬ್ದಗಳನ್ನು ತಂದುಕೊಂಡಿತು. ಆದಕಾರಣ ಎರಡು ಭಾಷೆಗಳಲ್ಲಿಯೂ ಮುಖಸಾಮ್ಯವುಳ್ಳ ಶಬ್ದಗಳು ರಾಶಿರಾಶಿಯಾಗಿವೆ. ಅವುಗಳಲ್ಲಿ ಎಷ್ಟೋ ಶಬ್ದಗಳು ನಿಜವಾದ ನಂಟರೇ ಸರಿ. ಆದರೆ ಕೆಲವು ನಂಟರ ವೇಷ ತೊಟ್ಟ ಪರಕೀಯರು.

ಈ ವಿಷಯವು ವಿದ್ವಾಂಸರ ವಿನೋದಕ್ಕೆ ಮಾತ್ರ ಸೇರಿದುದೆಂದು ವಾಚಕರು ಭಾವಿಸಬಾರದು. ಪೋರ್ತುಗೀಜವನ್ನಾಡುವವರು ಪ್ರಪಂಚದಲ್ಲಿ 20 ಕೋಟಿಗೂ ಮಿಕ್ಕಿರುವರು. ಅವರಲ್ಲಿ ಬಹು ಪಾಲಿನವರು ಬ್ರೆಜಿಲ್ ದೇಶದವರು; ಉಳಿದವರು ಪೋರ್ತುಗಲ್, ಅಂಗೋಲ, ಮೊಜಾಂಬಿಕ್ ಮೊದಲಾದೆಡೆಗಳಲ್ಲಿರುವರು. ಮದೈರಾ ದ್ವೀಪದಿಂದ ಇಂಗ್ಲಿಷ್ ಕಾಲುವೆಯ ಜೆರ್ಸಿ ದ್ವೀಪಕ್ಕೆ, ಅಜೋರ್ಸ್ ದ್ವೀಪಗಳಿಂದ ಅಮೆರಿಕದ ನ್ಯೂ ಬೆಡ್‌ಫರ್ಡ್ ಪಟ್ಟಣಕ್ಕೆ, ಹೊಟ್ಟೆಪಾಡಿಗಾಗಿ ವಲಸೆ ಹೋದ ಸಂಸಾರಗಳು ಅನೇಕ. ಮೊಜಾಂಬಿಕ್ ದೇಶದ ನೆರೆಹೊರೆಯಲ್ಲೆಲ್ಲ ಇಂಗ್ಲಿಷಿನ ಬಳಕೆಯುಂಟು. 1995ರಲ್ಲಿ ಅದು ಕಾಮನ್‌ವೆಲ್ತ್ ರಾಷ್ಟ್ರಕೂಟವನ್ನೂ ಸೇರಿತು. ನಮ್ಮ ನೆರೆಯ ಗೋವೆಯೂ 1510ರಿಂದ 1961ರವರೆಗೆ ಪೋರ್ತುಗೀಜರ ಆಳ್ವಿಕೆಯಲ್ಲಿದ್ದಿತು. ಅಲ್ಲಿಂದ ಮುಂಬಯಿಗೆ ಉದ್ಯೋಗವನ್ನರಸಿ ಬಂದವರಿಗೆ ಇಂಗ್ಲಿಷೇ ಅನ್ನದ ದಾರಿಯಾಗಿದ್ದಿತು. ಇಂಥವರಿಗೆ ಒಂದು ಶಬ್ದ ತಪ್ಪಿದರೆ ಕೆಲಸವೇ ತಪ್ಪಬಹುದು, ಔಷಧವೂ ತಪ್ಪಬಹುದು.

ಶಬ್ದಕ್ಕೆ ಶಬ್ದವಿಟ್ಟು ಪರಭಾಷೆಯನ್ನು ಕಟ್ಟಹೊರಟರೆ ಏನಾಗುವುದೆಂಬುದಕ್ಕೆ ಪೋರ್ತುಗೀಜರಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವುಂಟು. 1855ರಲ್ಲಿ ಪ್ಯಾರಿಸ್ ನಗರದಲ್ಲಿ ಪೋರ್ತುಗೀಜರಿಗೆ ಇಂಗ್ಲಿಷು ಸಂಭಾಷಣೆಯನ್ನು ಕಲಿಸುವ ಒಂದು ಕೈಪಿಡಿ ಅಚ್ಚಾಯಿತು. ಅದರ ಮೇಲೆ ಜೊಜೆ ದ ಫೊನ್ಸೇಕ, ಪೇದ್ರೊ ಕರೊಲೀನೊ ಎಂಬ ಇಬ್ಬರ ಹೆಸರುಗಳಿದ್ದುವು. ಫೊನ್ಸೇಕನು ಮೊದಲು ಪೋರ್ತುಗೀಜ-ಫ್ರೆಂಚ್ ಕೈಪಿಡಿಯೊಂದನ್ನು ಬರೆದಿದ್ದನು. ಇಂಗ್ಲಿಷನ್ನು ಸರಿಯಾಗಿ ಅರಿಯದ ಕರೊಲೀನೊ ಆ ಫ್ರೆಂಚ್ ವಾಕ್ಯಗಳನ್ನು ಮುಂದಿಟ್ಟುಕೊಂಡು, ಫ್ರೆಂಚ್-ಇಂಗ್ಲಿಷು ಕೋಶದಿಂದ ಒಂದೊಂದೇ ಶಬ್ದವನ್ನು ಹೆಕ್ಕಿ ಪೋಣಿಸಿದನೆಂದು ವಿದ್ವಾಂಸರ ಊಹೆ. ಬಾಗಿಲಲ್ಲಿ ಬಹಳ ಹೊತ್ತು ಕಾದು ಬೇಸರಪಡುವುದಕ್ಕೆ ಫ್ರೆಂಚರಲ್ಲಿ ಒಂದು ನುಡಿಗಟ್ಟುಂಟು. ಅದರ ಶಬ್ದಗಳನ್ನು ಬಿಡಿಸಿಬಿಡಿಸಿ ಇಟ್ಟುದರಿಂದ, ಇಂಗ್ಲಿಷಿನಲ್ಲಿ ಪಾಪದ ಪುಟ್ಟ ಕೋತಿಯೊಂದನ್ನು ಕಟಕಟನೆ ಕಡಿದಂತೆ ಅರ್ಥವಾಯಿತು! 1883ರಲ್ಲಿ ಈ ಪುಸ್ತಕವು ಲಂಡನ್ನಿನಲ್ಲಿಯೂ ಅಮೆರಿಕದಲ್ಲಿಯೂ ಹಾಸ್ಯಗ್ರಂಥವಾಗಿ ಪುನರ್ಮುದ್ರಣಗೊಂಡಿತು. ಅಮೆರಿಕದ ಮುದ್ರಣಕ್ಕೆ ಮಾರ್ಕ್ ಟ್ವೈನನು ಮುನ್ನುಡಿ ಬರೆದನು. ಲೋಕವೆಲ್ಲ ನಕ್ಕಿತು, ಆದರೆ ಅದನ್ನು ನಂಬಿ ಹಡಗು ಹತ್ತಿದ ಬಡ ಪ್ರಯಾಣಿಕನಾರಾದರೂ ಇದ್ದಿದ್ದರೆ, ಅವನಿಗೆ ನಗು ಬಂದಿರಲಾರದು.

ನಿತ್ಯವ್ಯವಹಾರದ ಶಬ್ದಗಳನ್ನು ಕೆಲವಾದರೂ ನೋಡೋಣ. ಅಂಗಡಿಯ ಬಾಗಿಲಿನಿಂದಲೇ ಕಷ್ಟವು ಮೊದಲಾಗುವುದು. ಇಂಗ್ಲಿಷಿನಲ್ಲಿ 'ಪುಶ್' ಎಂದರೆ ನೂಕು. ಪೋರ್ತುಗೀಜದಲ್ಲಿ ಹೆಚ್ಚುಕಡಮೆ ಇದೇ ಧ್ವನಿಯ 'ಪುಶೆ' ಎಂದರೆ ಎಳೆ! ಹೊಸದಾಗಿ ಬಂದವನು ಫಲಕವನ್ನೋದಿ ಬಾಗಿಲನ್ನು ತನ್ನ ಕಡೆಗೆ ಜಗ್ಗುತ್ತ ನಿಲ್ಲುವನು. ಒಳಗೆ ಹೋದ ಬಳಿಕ, 'ಪರೆಂತೆಸ್' ಎಂದರೆ ಅವನಿಗೆ ಬಂಧುಬಳಗ. ಇಂಗ್ಲಿಷಿನ 'ಪೇರೆಂಟ್ಸ್' ಎಂದರೆ ತಾಯಿತಂದೆಗಳು ಮಾತ್ರ. ಮದುವೆಗೆ ಹನ್ನೆರಡು ಮಂದಿ 'ಪೇರೆಂಟ್ಸ್' ಬಂದಿದ್ದರೆಂದರೆ ಕೇಳಿದವರು ಬೆರಗಾಗದಿರುವರೇ? 'ಲಿವ್ರರಿಯ' ಪುಸ್ತಕದ ಅಂಗಡಿ. 'ಲೈಬ್ರರಿ' ಪುಸ್ತಕ ಭಂಡಾರ. 'ಫಾಬ್ರಿಕ' ಕಾರ್ಖಾನೆ, 'ಫ್ಯಾಬ್ರಿಕ್' ಬಟ್ಟೆ. 'ಎಸ್ಕಿಸೀತೊ' ಎಂದರೆ ವಿಚಿತ್ರ. 'ಎಕ್ಸ್‌ಕ್ವಿಸಿಟ್' ಎಂದರೆ ಅತಿ ಸೊಗಸಾದುದು. ಗೃಹಿಣಿಯು ಅಕ್ಕರೆಯಿಂದ ಬಡಿಸಿದ ಭಕ್ಷ್ಯವನ್ನು ಅವಳು ಹೊಗಳಿಕೊಂಡರೆ ಪೋರ್ತುಗೀಜ ಅತಿಥಿಗೆ ನಿಂದೆಯಾಗಿ ಕೇಳಿಸುವುದು!

ಉದ್ಯೋಗದ ವಿಷಯದಲ್ಲಿ ನಗುವು ಕಡಮೆಯಾಗುವುದು. 'ಪ್ರೆತೆಂದೆರ್' ಎಂಬ ಪೋರ್ತುಗೀಜ ಕ್ರಿಯಾಪದಕ್ಕೆ ಉದ್ದೇಶಿಸು, ಮನಸ್ಸು ಮಾಡು ಎಂದರ್ಥ. ಇಂಗ್ಲಿಷಿನ 'ಪ್ರಿಟೆಂಡ್' ಎಂದರೆ ನಟಿಸು. 'ನಿಮ್ಮಲ್ಲಿ ದುಡಿಯಬೇಕೆಂದು ಉದ್ದೇಶಿಸಿರುವೆನು' ಎಂದು ಸತ್ಯವಂತನೊಬ್ಬನು ಈ ಶಬ್ದವನ್ನಿಟ್ಟು ಹೇಳಿದರೆ, 'ದುಡಿಯುವಂತೆ ನಟಿಸುವೆನು' ಎಂದು ಯಜಮಾನನಿಗೆ ತಿಳಿಯುವುದು. ಹಾಗೆಯೇ 'ಕೊಂಪ್ರೊಮಿಸ್ಸೊ' ಎಂದರೆ ಕೊಟ್ಟ ಮಾತು, ಕಟ್ಟುಪಾಡು. ಇಂಗ್ಲಿಷಿನ 'ಕಾಂಪ್ರಮೈಸ್' ಎಂದರೆ ಇಬ್ಬರೂ ತುಸುತುಸು ಬಿಟ್ಟುಕೊಟ್ಟು ಮಾಡಿಕೊಳ್ಳುವ ರಾಜಿ. ಮಾತಿಗೆ ಬದ್ಧನೆಂದು ಒಬ್ಬನು ಹೇಳಿದರೆ, ಬೆಲೆಯನ್ನು ಇಳಿಸಲು ಒಪ್ಪಿದನೆಂದು ಮತ್ತೊಬ್ಬನು ತಿಳಿಯಬಹುದು.

ಎಲ್ಲಕ್ಕಿಂತ ಅಪಾಯಕರವಾದುದು ವೈದ್ಯನ ಮುಂದೆ ಆಡುವ ಮಾತು. ಪೋರ್ತುಗಲ್ಲಿನಲ್ಲಿ 'ಕೊನ್ಸ್ತಿಪಾದೊ' ಎಂದರೆ ನೆಗಡಿಯಾದವನು. ಇಂಗ್ಲಿಷಿನ 'ಕಾನ್ಸ್ಟಿಪೇಟೆಡ್' ಎಂದರೆ ಮಲಬದ್ಧತೆಯುಳ್ಳವನು. ಮೂಗು ಕಟ್ಟಿ ಬಂದವನಿಗೆ ಭೇದಿಯ ಔಷಧವು ಸಿಕ್ಕಿದರೆ ಗತಿಯೇನು? ಇನ್ನು 'ಇಂತೊಕ್ಸಿಕಾದೊ' ಎಂದರೆ ಕೆಟ್ಟ ಆಹಾರದಿಂದಲೋ ಹೊಗೆಯಿಂದಲೋ ವಿಷವೇರಿದವನು. ಇಂಗ್ಲಿಷಿನ ದಿನಬಳಕೆಯಲ್ಲಿ 'ಇಂಟಾಕ್ಸಿಕೇಟೆಡ್' ಎಂದರೆ ಕುಡಿದು ಮತ್ತೇರಿದವನು. ವಿಷಾಹಾರದಿಂದ ನರಳುವ ಮಗನನ್ನು ಕರೆತಂದ ತಾಯಿಯು ಈ ಶಬ್ದವನ್ನಾಡಿದರೆ, ಕೇಳಿದವರ ಕನಿಕರವು ಎತ್ತಲೋ ಹರಿದುಹೋಗುವುದು, ಅಮೂಲ್ಯವಾದ ಹೊತ್ತೂ ಕಳೆದುಹೋಗುವುದು. ಪರದೇಶಕ್ಕೆ ಹೋಗುವ ಸಂಸಾರದವರು ಬೇರೇನನ್ನು ಬಿಟ್ಟರೂ ರೋಗಲಕ್ಷಣಗಳ ಹತ್ತಿಪ್ಪತ್ತು ವಾಕ್ಯಗಳನ್ನು ತಪ್ಪಿಲ್ಲದೆ ಕಲಿಯತಕ್ಕದ್ದು.

ಶಬ್ದಗಳಾದ ಮೇಲೆ ಮರ್ಯಾದೆಯ ಮಾತು. ಈ ವಿಷಯದಲ್ಲಿ ಪೋರ್ತುಗೀಜರ ಕಷ್ಟವನ್ನು ನಮ್ಮವರು ಚೆನ್ನಾಗಿ ಅರಿಯಬಲ್ಲರು. ನಮಗೆ ನೀನು, ನೀವು, ತಾವು ಎಂಬ ಮೆಟ್ಟಿಲುಗಳಿರುವಂತೆ ಅವರಲ್ಲಿಯೂ ಸಲಿಗೆಯವರಿಗೆ 'ತು', ಮತ್ತೆ 'ವೊಸೆ', ಹಿರಿಯರಿಗೆ 'ಉ ಸೆನ್ಯೋರ್', 'ಅ ಸೆನ್ಯೋರ' ಎಂಬ ಭೇದಗಳುಂಟು. ಇಂಗ್ಲಿಷಿನಲ್ಲಿ ಅರಸನಿಗೂ ಆಳಿಗೂ 'ಯು' ಒಂದೇ. ಗೌರವವನ್ನು ತೋರಿಸಲು ಸರ್ವನಾಮವಿಲ್ಲದ ಮೇಲೆ ಅದನ್ನು ವಾಕ್ಯದ ಬೇರೆ ಅಂಗಗಳಲ್ಲಿ ಇಡಬೇಕಾಗುವುದು. 'ಪ್ಲೀಸ್', 'ಕುಡ್ ಯು', 'ಐ ವುಡ್ ಲೈಕ್' ಎಂಬ ಚಿಕ್ಕ ಮಾತುಗಳ ಮಹತ್ವವೆಲ್ಲ ಇದೇ. ಅಂಗಡಿಯಲ್ಲಿ ಪೋರ್ತುಗೀಜನು ತನ್ನ ಭಾಷೆಯಲ್ಲಿ 'ಬೇಕಾಗಿತ್ತು' ಎಂದು ಭೂತಕಾಲದಲ್ಲಿ ವಿನಯದಿಂದ ಕೇಳುವನು; ನಾವೂ ಹಾಗೆಯೇ ಕೇಳುವೆವಲ್ಲವೆ? ಆ ವಿನಯವನ್ನು ಮರೆತು 'ಐ ವಾಂಟ್' ಎಂದು ಮಾತ್ರ ಕಲಿತವನು, ಸಜ್ಜನನಾಗಿದ್ದರೂ ಒರಟನೆನಿಸಿಕೊಳ್ಳುವನು.

ಕೃತಜ್ಞತೆಯನ್ನು ಹೇಳುವಾಗ ಪೋರ್ತುಗೀಜ ಗಂಡಸು 'ಒಬ್ರಿಗಾದೊ' ಎನ್ನುವನು, ಹೆಂಗಸು 'ಒಬ್ರಿಗಾದ' ಎನ್ನುವಳು. ಇಂಗ್ಲಿಷಿನ 'ಥ್ಯಾಂಕ್ ಯು' ಇಬ್ಬರಿಗೂ ಒಂದೇ ಆದುದರಿಂದ ಇಲ್ಲಿ ಅವರಿಗೆ ಸುಲಭ. ಆದರೆ ರಾತ್ರಿಯ ವಂದನೆಯಲ್ಲಿ ಎಚ್ಚರಿಕೆ ಬೇಕು. ಅವರ 'ಬೋಅ ನೋಯ್ತೆ' ಭೇಟಿಯಾದಾಗಲೂ ಸಲ್ಲುವುದು, ಬೀಳ್ಕೊಳ್ಳುವಾಗಲೂ ಸಲ್ಲುವುದು. ಇಂಗ್ಲಿಷಿನಲ್ಲಿ ಎದುರುಗೊಂಡಾಗ 'ಗುಡ್ ಈವನಿಂಗ್', ಹೊರಡುವಾಗ 'ಗುಡ್ ನೈಟ್'. ಊಟಕ್ಕೆ ಬಂದ ಅತಿಥಿಯು ಹೊಸ್ತಿಲಲ್ಲಿಯೇ 'ಗುಡ್ ನೈಟ್' ಎಂದರೆ, ಬಂದ ಹಾಗೆಯೇ ಹೊರಟನೇನೋ ಎಂದು ಮನೆಯವರು ಗಾಬರಿಪಡುವರು. ವಾರಗಳ ಹೆಸರಿನಲ್ಲಿಯೂ ತೊಡಕುಂಟು. ಪೋರ್ತುಗೀಜರು ಸೋಮವಾರವನ್ನು ಎರಡನೆಯದು, ಮಂಗಳವಾರವನ್ನು ಮೂರನೆಯದು ಎಂದು ಶುಕ್ರವಾರದವರೆಗೂ ಎಣಿಸುವರು. ಇಂಗ್ಲಿಷಿನ 'ಮಂಡೆ' ನಮ್ಮ ಸೋಮವಾರದಂತೆಯೇ ಚಂದ್ರನ ದಿನ. ಆದುದರಿಂದ ವಾರದ ಹೆಸರುಗಳನ್ನು ಪೋರ್ತುಗೀಜರು ಎಣಿಕೆಯನ್ನು ಬಿಟ್ಟು ಬಾಯಿಪಾಠವಾಗಿಯೇ ಕಲಿಯಬೇಕು.

ಇಂಗ್ಲಿಷಿನ ಚಿಕ್ಕ ಚಿಕ್ಕ ಕ್ರಿಯಾಪದಗಳು ಮತ್ತೊಂದು ಅಡವಿ. 'ಲುಕ್' ಎಂದರೆ ನೋಡು. 'ಲುಕ್ ಫಾರ್' ಎಂದರೆ ಹುಡುಕು. 'ಲುಕ್ ಆಫ್ಟರ್' ಎಂದರೆ ಪಾಲಿಸು. ಪೋರ್ತುಗೀಜದಲ್ಲಿ ಈ ಮೂರಕ್ಕೂ ಬೇರೆ ಬೇರೆ ಕ್ರಿಯಾಪದಗಳುಂಟು. ಕನ್ನಡಿಗರಿಗೆ ಈ ಮರ್ಮವು ಬೇಗನೆ ಹೊಳೆಯುವುದು; ಏಕೆಂದರೆ 'ಮಗುವನ್ನು ನೋಡು' ಎಂಬುದಕ್ಕೂ 'ಮಗುವನ್ನು ನೋಡಿಕೋ' ಎಂಬುದಕ್ಕೂ ಇರುವ ಅಂತರವನ್ನು ನಾವು ತೊಟ್ಟಿಲಿನ ಬಳಿಯಲ್ಲಿಯೇ ಕಲಿತಿರುವೆವು. ಪರರ ಮನೆಯಲ್ಲಿ ಮಕ್ಕಳನ್ನು ಸಾಕುವ ಕೆಲಸಕ್ಕೆ ಸೇರಿದವಳಿಗೆ ಈ ಅಂತರವು ವ್ಯಾಕರಣದ ಸೂಕ್ಷ್ಮವಲ್ಲ, ಅವಳ ಹೊಣೆಯೇ ಅದು.

ನುಡಿಗಟ್ಟುಗಳನ್ನಂತೂ ಬಿಡಿಸಿ ಅನುವಾದಿಸಲೇಕೂಡದು. ಜಡಿಮಳೆ ಸುರಿದರೆ ಇಂಗ್ಲಿಷರಿಗೆ ಬೆಕ್ಕುನಾಯಿಗಳ ಮಳೆ. ಪೋರ್ತುಗೀಜರಿಗೆ ಕೊಡಗಟ್ಟಲೆ ಮಳೆ. ನಮ್ಮ ಕುಂಭದ್ರೋಣ ಮಳೆಗೆ ಪೋರ್ತುಗೀಜರ ಕೊಡವೇ ಹತ್ತಿರವೆಂಬುದು ಸ್ವಾರಸ್ಯವಾಗಿದೆ. ಅವಮಾನವನ್ನು ಮರುಮಾತಿಲ್ಲದೆ ಸಹಿಸುವುದು ಅವರಿಗೆ ಕಪ್ಪೆಯನ್ನು ನುಂಗುವುದು. ಪರರ ತಪ್ಪಿಗೆ ತಾನು ದಂಡ ತೆರುವುದು ಬಾತುಕೋಳಿಯ ಬೆಲೆಯನ್ನು ಕೊಡುವುದು. ಇವನ್ನು ಹಾಗೆಯೇ ಇಂಗ್ಲಿಷಿಗಿಟ್ಟರೆ ಕರೊಲೀನೊನ ಕೋತಿಗೆ ಜೊತೆಯಾಗುವುವು.

ಉಚ್ಚಾರದಲ್ಲಿಯೂ ಒಂದು ಹೋಲಿಕೆಯುಂಟು. ಬ್ರೆಜಿಲಿನವರು ವ್ಯಂಜನಾಂತವಾದ ಇಂಗ್ಲಿಷು ಶಬ್ದಗಳ ತುದಿಗೆ 'ಇ' ಸೇರಿಸುವುದು ವಾಡಿಕೆ. ಬಸ್ಸು, ಪೆನ್ನು ಎಂದು 'ಉ' ಸೇರಿಸುವ ನಾವು ಅವರನ್ನು ಕಂಡು ನಗುವಂತಿಲ್ಲ. ಹ್ರಸ್ವದೀರ್ಘಗಳ ಭೇದವು ನಮಗೆ ಹುಟ್ಟಿನಿಂದ ಬಂದುದು. ಅವರ ಭಾಷೆಯಲ್ಲಿ ಆ ಭೇದದಿಂದ ಅರ್ಥವು ಬದಲಾಗದು. ಆದುದರಿಂದ ಹಡಗಿನ 'ಶಿಪ್' ಮತ್ತು ಕುರಿಯ 'ಶೀಪ್' ಅವರ ಕಿವಿಗೆ ಒಂದೇ ಆಗಿ ಕೇಳಿಸುವುವು.

ಇಷ್ಟಾದರೂ ಈ ಎರಡು ಭಾಷೆಗಳ ನಂಟು ಸುಳ್ಳಲ್ಲ. ಇಂಗ್ಲಿಷಿನ 'ಕ್ಯಾಸ್ಟ್', 'ವೆರಾಂಡ', 'ಆಯಾ' ಎಂಬ ಶಬ್ದಗಳಿಗೆ ಪೋರ್ತುಗೀಜವೇ ಮೂಲ. 'ಮಾರ್ಮಲೇಡ್' ಎಂಬುದೂ ಅಲ್ಲಿಂದ ಫ್ರಾನ್ಸಿನ ದಾರಿಯಾಗಿ ಬಂದುದು. ಆದರೆ ಪೋರ್ತುಗೀಜರ 'ಮರ್ಮೆಲಾದ' ಕ್ವಿನ್ಸ್ ಎಂಬ ಹಣ್ಣಿನ ಗಟ್ಟಿಪಾಕ, ಇಂಗ್ಲಿಷರದು ಕಿತ್ತಳೆಯ ಪಾಕ. ನಮ್ಮ ಮನೆಗಳಲ್ಲಿಯೂ ಚಾವಿ, ಅಲಮಾರು, ಬಟಾಟೆ, ಅನಾನಸು, ಪಗಾರ ಎಂಬ ಪೋರ್ತುಗೀಜ ಅತಿಥಿಗಳು ಎಂದೋ ಬಂದು ಮನೆಯವರೇ ಆಗಿರುವರು. ಕಲಿಯುವವನಿಗೆ ನಿಜವಾದ ನಂಟರು ಸಹಾಯಕರೇ. ಅವರನ್ನು ವೇಷಧಾರಿಗಳಿಂದ ಬೇರ್ಪಡಿಸುವ ವಿವೇಕವೊಂದು ಬೇಕು.

ಆ ವಿವೇಕಕ್ಕೆ ಉಪಾಯವು ಸರಳವಾಗಿದೆ. ಶಬ್ದವನ್ನು ಒಂಟಿಯಾಗಿ ಕಲಿಯದೆ, ಅದು ಬರುವ ವಾಕ್ಯದೊಡನೆ, ಆ ವಾಕ್ಯವನ್ನಾಡುವ ಸಂದರ್ಭದೊಡನೆ ಕಲಿಯಬೇಕು. ತನ್ನ ಭಾಷೆಯ ಶಬ್ದವನ್ನು ಹೋಲುವುದು ಸಿಕ್ಕಿದೊಡನೆ ಅರ್ಥವನ್ನು ವಿಚಾರಿಸಿ, ಭೇದವಿದ್ದರೆ ಬೇರೊಂದು ಪುಸ್ತಕದಲ್ಲಿ ಬರೆದಿಡಬೇಕು. ವೈದ್ಯ, ಯಜಮಾನ, ಪಾಠಶಾಲೆ, ಅಂಗಡಿ ಎಂದು ಸಂದರ್ಭಕ್ಕೆ ಹತ್ತು ವಾಕ್ಯಗಳಂತೆ ಗಟ್ಟಿಯಾಗಿ ಓದಿ ರೂಢಿಸಿಕೊಳ್ಳಬೇಕು. ಮಕ್ಕಳಿಗೆ ಮನೆಯಲ್ಲಿ ಇಂಗ್ಲಿಷನ್ನೋ ಹಿಂದಿಯನ್ನೋ ಹೇಳಿಕೊಡುವ ನಮ್ಮ ಗೃಹಸ್ಥರೂ ಇದೇ ಕ್ರಮವನ್ನನುಸರಿಸಿದರೆ ಒಳಿತು. ಸಂಜೆಯ ದೀಪದ ಬಳಿ ದಿನಕ್ಕೆರಡು ವಾಕ್ಯಗಳನ್ನು ಕಲಿತರೂ ಒಂದು ವರ್ಷಕ್ಕೆ ಏಳುನೂರು ವಾಕ್ಯಗಳು ಮಕ್ಕಳ ಸ್ವತ್ತಾಗುವುವು. ನಿತ್ಯದ ಸಂಸಾರಕ್ಕೆ ಬೇಕಾದ ಮಾತು ಅದಕ್ಕಿಂತ ಬಹಳ ಹೆಚ್ಚೇನೂ ಇರಲಾರದು.