ಮುಕ್ತ ತಂತ್ರಾಂಶಕ್ಕೆ ಕನ್ನಡ ಕೈಪಿಡಿ: ಸಾಧನಗಳ ಆಯ್ಕೆ ಕುರಿತು ಮಾಹಿತಿ

ಮಂಗಳೂರು ನಗರದ ವಿದ್ಯಾರ್ಥಿಗಳು ಹಾಗೂ ತಂತ್ರಾಂಶ ತಯಾರಕರು ತಮ್ಮ ಮುಕ್ತ ತಂತ್ರಾಂಶಕ್ಕೆ ಕನ್ನಡದಲ್ಲಿ ಬಳಕೆಯ ಕೈಪಿಡಿ ಸಿದ್ಧಪಡಿಸುವಾಗ ಗಮನಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ. ಅಂತಹ ತಂತ್ರಾಂಶದ ಮೂಲಕ ಅರ್ಜಿ ತುಂಬುವ ಸಾಮಾನ್ಯ ನಾಗರಿಕರೂ ಈ ಕೈಪಿಡಿಯನ್ನು ಓದುತ್ತಾರೆಂಬುದನ್ನು ಮರೆಯಬಾರದು.

ಪಠ್ಯವು ಯೂನಿಕೋಡ್‌ನಲ್ಲಿಯೇ ಇರತಕ್ಕದ್ದು. ನುಡಿ, ಬರಹ ಮುಂತಾದವುಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಠ್ಯವು, ಆ ಫಾಂಟು ಇಲ್ಲದ ಗಣಕಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಹುಡುಕಿದರೆ ದೊರೆಯುವುದೂ ಇಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ. ಹಳೆಯ ಪಠ್ಯವನ್ನು ಪರಿವರ್ತಿಸಿದ ನಂತರ ಅರ್ಕಾವತ್ತನ್ನು ಅವಶ್ಯವಾಗಿ ಪರಿಶೀಲಿಸಬೇಕು. 'ಅರ್ಜಿ' ಎಂಬ ಪದದಲ್ಲಿ ಹಳೆಯ ಫಾಂಟು ಅರ್ಕಾವತ್ತನ್ನು 'ಜಿ'ಯ ನಂತರ ಇರಿಸುತ್ತದೆ. ಯೂನಿಕೋಡ್ ರಕಾರವನ್ನು ಮೊದಲು ಇರಿಸುತ್ತದೆ. ಇದು ತಪ್ಪಿದರೆ ನಾಗರಿಕರು ಅತಿ ಹೆಚ್ಚು ಹುಡುಕುವ ಪದವೇ ಸಿಗದಂತಾಗುತ್ತದೆ.

ಕೈಪಿಡಿಯನ್ನು ಪದಸಂಸ್ಕಾರಕದ ಕಡತವಾಗಿ ಇಡುವುದು ಸುಲಭವೆನಿಸಬಹುದು. ಆದರೆ ಗಿಟ್ ವ್ಯವಸ್ಥೆಯಲ್ಲಿ ಅಂತಹ ಕಡತದ ಯಾವ ಸಾಲನ್ನು ಯಾರು ತಿದ್ದಿದರೆಂದು ನೇರವಾಗಿ ಕಾಣುವುದಿಲ್ಲ. ನಾಲ್ಕಾರು ಪುಟಗಳ ಕೈಪಿಡಿಗೆ ಮಾರ್ಕ್‌ಡೌನ್ ಸಾಕು. ಇಂಗ್ಲಿಷ್ ಮೂಲವೂ ಕನ್ನಡ ಅನುವಾದವೂ ಜೊತೆಯಾಗಿ ಸಾಗಬೇಕಾದಲ್ಲಿ ಸ್ಫಿಂಕ್ಸ್ ಸೂಕ್ತ. ಪೈಥಾನ್ ಭಾಷೆಯ ದಸ್ತಾವೇಜಿಗಾಗಿ ರೂಪುಗೊಂಡು 2008ರಲ್ಲಿ ಬಿಡುಗಡೆಯಾದ ಈ ಸಾಧನವು, ಗೆಟ್‌ಟೆಕ್ಸ್ಟ್ ವಿಧಾನದ ಮೂಲಕ ಅನುವಾದವನ್ನು ವಾಕ್ಯವೃಂದಗಳಾಗಿ ಪ್ರತ್ಯೇಕ ಕಡತದಲ್ಲಿ ಇಡುತ್ತದೆ. ಮೂಲ ಬದಲಾದಾಗ ಹಳೆಯ ಅನುವಾದಕ್ಕೆ ಮರುಪರಿಶೀಲನೆಯ ಗುರುತು ಬೀಳುತ್ತದೆ. ಶುಲ್ಕ ಅಥವಾ ದಾಖಲೆಯ ವಿವರ ಇಂಗ್ಲಿಷಿನಲ್ಲಿ ಬದಲಾಗಿ ಕನ್ನಡದಲ್ಲಿ ಹಳೆಯದೇ ಉಳಿದರೆ ತೊಂದರೆಗೊಳಗಾಗುವವರು ಕನ್ನಡ ಓದುಗರು. ಆದುದರಿಂದ ಈ ಒಂದು ಅನುಕೂಲಕ್ಕಾಗಿಯಾದರೂ ಸ್ಫಿಂಕ್ಸ್ ಕಲಿಯುವ ಶ್ರಮ ಸಾರ್ಥಕ.

ಪಿಡಿಎಫ್ ಪ್ರತಿ ಬೇಕಾದವರು ಸ್ಫಿಂಕ್ಸ್ ಸಾಮಾನ್ಯವಾಗಿ ಬಳಸುವ ಪಿಡಿಎಫ್‌ಲಾಟೆಕ್ ಬದಲಿಗೆ ಜೀಲಾಟೆಕ್ ಆರಿಸತಕ್ಕದ್ದು. ಮೊದಲನೆಯದು ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಲಾರದು. ಗುಬ್ಬಿ, ನವಿಲು, ಲೋಹಿತ್ ಮುಂತಾದ ಮುಕ್ತ ಫಾಂಟುಗಳು ಲಭ್ಯವಿವೆ.

ನಮ್ಮ ಜಿಲ್ಲೆಯಲ್ಲಿ ತುಳು, ಕೊಂಕಣಿ ಭಾಷೆಗಳನ್ನೂ ಕನ್ನಡ ಲಿಪಿಯಲ್ಲಿ ಬರೆಯುವುದರಿಂದ ಮೇಲಿನ ಸಾಧನಗಳೇ ಅವುಗಳಿಗೂ ಸಲ್ಲುತ್ತವೆ. ತುಳು-ತಿಗಳಾರಿ ಲಿಪಿಯು ಸೆಪ್ಟೆಂಬರ್ 2024ರಲ್ಲಿ ಯೂನಿಕೋಡ್ 16.0 ಆವೃತ್ತಿಗೆ ಸೇರಿದೆಯಾದರೂ ಅದರ ಫಾಂಟು ಎಲ್ಲ ಗಣಕಗಳಲ್ಲಿ ಇಲ್ಲ. 2016ರಲ್ಲಿ ಆರಂಭವಾದ ತುಳು ವಿಕಿಪೀಡಿಯವೂ ಕನ್ನಡ ಲಿಪಿಯನ್ನೇ ಬಳಸುತ್ತಿದೆ.

ಕೈಪಿಡಿಗೂ ಪ್ರತ್ಯೇಕ ಪರವಾನಗಿಯನ್ನು ನಮೂದಿಸಬೇಕು. ಪರವಾನಗಿ ಇಲ್ಲದ ಕೈಪಿಡಿಯನ್ನು ಇತರರು ತಿದ್ದಿ ಹಂಚಲು ಕಾನೂನಿನ ಅಡಚಣೆ ಉಂಟಾಗುತ್ತದೆ.