ಬಾಸ್ ನುಡಿಸುವವರ ಇನ್-ಇಯರ್: ಡ್ರೈವರ್ ಎಣಿಸುವ ಮೊದಲು ಕಿವಿ ನೋಡ್ಕೊಳ್ಳಿ

ಇವತ್ತಿನ ಮಾತು ಬಾಸ್ ಗಿಟಾರ್ ನುಡಿಸುವವರಿಗೆ. ವಾರವೆಲ್ಲ ಐರೋಲಿ, ಪೊವಾಯಿ, ಬಿಕೆಸಿ ಅಂತ ಲ್ಯಾಪ್‌ಟಾಪ್ ಮುಂದೆ ಕೂತು, ಶನಿವಾರ ಬಂದ್ರೆ ಗಿಗ್ ಬ್ಯಾಗ್ ಬೆನ್ನಿಗೇರಿಸಿ ಜ್ಯಾಮ್ ರೂಮಿಗೆ ಓಡುವ ನಮ್ಮಂಥವರಿಗೆ.

ಮುಂಬೈಯಲ್ಲಿ ಬಾಸ್ ನುಡಿಸೋರಿಗೆ ಒಂದು ಕಷ್ಟ ಜಾಸ್ತಿ. ಗಿಟಾರ್‌ನವರ ಸಣ್ಣ ಆಂಪ್ ಆಟೋದಲ್ಲಿ ಹೋಗುತ್ತೆ. ಬಾಸ್ ಆಂಪು, ಕ್ಯಾಬಿನೆಟ್ಟು ಹಿಡ್ಕೊಂಡು ಸಂಜೆ ಆರೂವರೆಗೆ ದಾದರ್‌ನಲ್ಲಿ ಲೋಕಲ್ ಹತ್ತೋಕಾಗುತ್ತಾ? ಹಾಗಾಗಿ ನಾವು ಡಿಐ ಬಾಕ್ಸ್‌ಗೆ ವೈರ್ ಚುಚ್ಚಿ, ಸ್ಟೇಜ್ ಮೇಲಿರೋ ಒಂದೇ ಒಂದು ಮಾನಿಟರ್ ಸ್ಪೀಕರ್‌ನಲ್ಲಿ, ಗಾಯಕರ ದನಿಯ ಅಡಿಯಲ್ಲೆಲ್ಲೋ ನಮ್ಮ ಬಾಸ್ ಹುಡುಕಬೇಕು. ಆ ಮಾನಿಟರನ್ನೇ ಕಿವಿಯೊಳಗೆ ಇಟ್ಟುಕೊಳ್ಳೋದು ಇನ್-ಇಯರ್. ಜೇಬಿನಲ್ಲಿ ಹಿಡಿಸುತ್ತೆ, ಲೋಕಲ್‌ನಲ್ಲೂ ಬರುತ್ತೆ. ಆದರೆ ಆರಿಸುವಾಗ ನಾವು ತಪ್ಪು ಕಡೆಯಿಂದ ಶುರು ಮಾಡ್ತೀವಿ. ನಾನೂ ಹಾಗೇ ಮಾಡಿದೆ.

ನಾನು ಮಾಡಿದ ತಪ್ಪು

ಎರಡು ವರ್ಷದ ಹಿಂದೆ, ಗಣೇಶೋತ್ಸವದ ಒಂದು ಕಾರ್ಯಕ್ರಮ. ಹೊಸ ಇನ್-ಇಯರ್, ಕಿವಿಗೆ ಐದೈದು ಡ್ರೈವರ್. ಸ್ಪೆಸಿಫಿಕೇಶನ್ ಓದಿ ಓದಿ ಕೊಂಡಿದ್ದು. ಸ್ಟೇಜ್ ಹತ್ತಿದರೆ ಬಾಸ್ ತೆಳ್ಳಗೆ, ತಗಡು ಬಡಿದ ಹಾಗೆ. ಇನ್ನೂ ಕೊಡಿ ಅಂತ ಸೌಂಡ್‌ನವರಿಗೆ ಸನ್ನೆ ಮಾಡಿದೆ. ಕೊಟ್ಟರು, ಸಾಲಲಿಲ್ಲ. ಜನರ ಗದ್ದಲ ಕೇಳ್ತಿಲ್ಲ ಅಂತ ಬಲಗಿವಿದು ತೆಗೆದು ಹೆಗಲಿಗೆ ಇಳಿಬಿಟ್ಟೆ, ಎಡಗಿವಿಯ ವಾಲ್ಯೂಮ್ ಪೂರ್ತಿ ಏರಿಸಿದೆ. ಎರಡು ಗಂಟೆ ಹಾಗೇ ನುಡಿಸಿದೆ.

ವಾಪಸ್ ಬರುವಾಗ ರೈಲಿನ ಸದ್ದಿನ ಮೇಲೂ ಎಡಗಿವಿಯಲ್ಲಿ 'ಕುಂಯ್' ಅಂತ ಒಂದೇ ಸಮ. ಮರುದಿನ ಬೆಳಿಗ್ಗೆ ಸ್ಟ್ಯಾಂಡ್-ಅಪ್ ಕಾಲ್‌ನಲ್ಲಿ ಸಹೋದ್ಯೋಗಿ ಹೇಳಿದ್ದು ಅರ್ಧ ಅರ್ಥವಾಗಲಿಲ್ಲ. ಮೂರನೇ ದಿನ ನಿಂತಿತು. ಡಾಕ್ಟರ್ ಹೇಳಿದ್ದು ಒಂದೇ ಮಾತು: ಈ ಸಲ ನಿಂತಿದೆ, ಪ್ರತಿ ಸಲ ನಿಲ್ಲುತ್ತೆ ಅಂದ್ಕೋಬೇಡಿ.

ಆಮೇಲೆ ತಿಳಿಯಿತು, ಇನ್-ಇಯರ್ ಕೆಟ್ಟದಲ್ಲ. ತುದಿಯ ರಬ್ಬರ್ ನನ್ನ ಕಿವಿಗೆ ಕೂತಿರಲಿಲ್ಲ, ಅಷ್ಟೇ.

ಬಾಸ್ ಎಲ್ಲಿಗೆ ಹೋಗುತ್ತೆ?

ನಾಲ್ಕು ತಂತಿಯ ಬಾಸ್‌ನಲ್ಲಿ ಅತಿ ಕೆಳಗಿನ ಇ ಸ್ವರ ಸುಮಾರು 41 ಹರ್ಟ್ಸ್. ಐದು ತಂತಿಯದಾದರೆ ಬಿ ಸ್ವರ ಸುಮಾರು 31 ಹರ್ಟ್ಸ್. 41 ಹರ್ಟ್ಸ್‌ನ ಒಂದು ಅಲೆಯ ಉದ್ದ ಗಾಳಿಯಲ್ಲಿ ಎಂಟು ಮೀಟರಿಗೂ ಹೆಚ್ಚು. ಇದನ್ನು ಕಡಲೆಕಾಳಿನಷ್ಟು ಡ್ರೈವರ್ ಹೇಗೆ ಕೇಳಿಸುತ್ತೆ? ಇಡೀ ಕೋಣೆಯ ಗಾಳಿ ಅಲ್ಲಾಡಿಸುವ ಕೆಲಸ ಅದಕ್ಕಿಲ್ಲ. ಕಿವಿಯ ನಾಳ ಮುಚ್ಚಿದ ಪುಟ್ಟ ಡಬ್ಬಿ ಇದ್ದ ಹಾಗೆ. ಅದರೊಳಗಿನ ಚೂರು ಗಾಳಿಯ ಒತ್ತಡ ಬದಲಿಸಿದರೆ ಸಾಕು.

ಡಬ್ಬಿ ಮುಚ್ಚಿರಬೇಕು, ಅದೇ ಷರತ್ತು. ಎಲ್ಲೋ ಸಣ್ಣ ಸಂದು ಬಿಟ್ಟರೂ ಒತ್ತಡ ಸೋರುತ್ತೆ. ಸೋರಿಕೆಗೆ ಮೊದಲು ಬಲಿಯಾಗೋದು ಕೆಳಗಿನ ಸ್ವರಗಳೇ. ಸಿಂಬಲ್ಲು, ಗಾಯಕರ ದನಿ ಹಾಗೇ ಉಳಿಯುತ್ತೆ, ಬಾಸ್ ಮಾತ್ರ ಮಾಯ. ಅದಕ್ಕೇ ಗಿಟಾರ್‌ನವರಿಗೆ ಅದ್ಭುತ ಅನಿಸಿದ ಇನ್-ಇಯರ್ ನಮಗೆ ತಗಡು ಅನಿಸಬಹುದು.

ಇನ್ನೊಂದು ಮೋಸ ಇದೆ. 41 ಹರ್ಟ್ಸ್ ಸೋರಿ ಹೋದರೂ ಅದೇ ಸ್ವರದ 82, 123 ಹರ್ಟ್ಸ್ ಹಾರ್ಮೋನಿಕ್‌ಗಳು ಕೇಳ್ತಿರುತ್ತವೆ. ಮೆದುಳು ಅವುಗಳಿಂದಲೇ ಸ್ವರ ಊಹಿಸಿಕೊಳ್ಳುತ್ತೆ. ಶ್ರುತಿ ಗೊತ್ತಾಗುತ್ತೆ, ತೂಕ ಸಿಗಲ್ಲ. ತೂಕ ಸಿಗದಿದ್ದಾಗ ನಾವು ಬೆರಳಲ್ಲಿ ಗಟ್ಟಿಯಾಗಿ ಎಳೀತೀವಿ, ವಾಲ್ಯೂಮ್ ಏರಿಸ್ತೀವಿ. ಅಲ್ಲಿಂದ ಕಿವಿಯ ಲೆಕ್ಕ ತಪ್ಪುತ್ತೆ.

ಮೊದಲು ತುದಿ, ಆಮೇಲೆ ಡ್ರೈವರ್

ಆದ್ದರಿಂದ ಮೊದಲ ಖರ್ಚು ತುದಿಗಳಿಗೆ. ಸಿಲಿಕಾನ್‌ನಲ್ಲಿ ಮೂರು ಅಳತೆ, ಎರಡು ಪದರದ ಒಂದು ಜೊತೆ, ಫೋಮ್ ಒಂದು ಜೊತೆ ತರಿಸಿ. ಎಡಗಿವಿಗೂ ಬಲಗಿವಿಗೂ ಅಳತೆ ಬೇರೆ ಇರಬಹುದು, ಸಂಕೋಚ ಬೇಡ. ಫೋನ್‌ನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ, ಕಡಿಮೆ ವಾಲ್ಯೂಮ್‌ನಲ್ಲಿ 100 ಹರ್ಟ್ಸ್‌ನಿಂದ ನಿಧಾನಕ್ಕೆ 40ರ ತನಕ ಇಳಿಸಿ. ಇಳಿಯುತ್ತಾ ಸದ್ದು ಸಹಜವಾಗಿ ಕಮ್ಮಿ ಅನಿಸುತ್ತೆ, ಆದರೆ ಒಮ್ಮೆಲೇ ಮಾಯವಾಗಬಾರದು. ಬೆರಳಲ್ಲಿ ಇನ್-ಇಯರನ್ನು ಸ್ವಲ್ಪ ಒತ್ತಿದಾಗ ಬಾಸ್ ದಿಢೀರ್ ಅಂತ ಹೆಚ್ಚಿದರೆ ಸೋರಿಕೆ ಇದೆ ಅಂತ ಅರ್ಥ. ಆಮೇಲೆ ಬಾಯಿ ತೆರೆದು, ಹಾಡಿ, ತಲೆ ತಿರುಗಿಸಿ ನೋಡಿ. ದವಡೆ ಅಲ್ಲಾಡಿದಾಗ ಕಿವಿಯ ನಾಳದ ಆಕಾರ ಬದಲಾಗುತ್ತೆ. ಕೋರಸ್ ಹಾಡುವವರು ಇದನ್ನು ಬಿಡಲೇಬಾರದು.

ಇನ್ನು ಡ್ರೈವರ್. ಎರಡು ಜಾತಿ. ಡೈನಾಮಿಕ್ ಅಂದ್ರೆ ಸ್ಪೀಕರ್‌ನದೇ ಪುಟ್ಟ ರೂಪ. ಪರದೆ ಅಲ್ಲಾಡುತ್ತೆ, ಬಾಸ್‌ಗೆ ದೇಹ ಬರುತ್ತೆ. ಬ್ಯಾಲೆನ್ಸ್‌ಡ್ ಆರ್ಮೇಚರ್ ಶ್ರವಣ ಸಾಧನಗಳಿಂದ ಬಂದದ್ದು. ತೀರಾ ಚಿಕ್ಕದು, ವಿವರ ಚೆನ್ನಾಗಿ ತೋರಿಸುತ್ತೆ, ಆದರೆ ಒಂದೇ ಒಂದು ಆರ್ಮೇಚರ್‌ನಿಂದ ಎಲ್ಲ ಕೆಲಸ ಮಾಡಿಸಿದರೆ ಸಾಮಾನ್ಯವಾಗಿ ಕೆಳಗೆ ಸೊರಗುತ್ತೆ. ಎರಡೂ ಸೇರಿದ್ದು ಹೈಬ್ರಿಡ್: ಕೆಳಗಿನದು ಡೈನಾಮಿಕ್‌ಗೆ, ಮೇಲಿನದು ಆರ್ಮೇಚರ್‌ಗೆ.

ನಮ್ಮ ಕೆಲಸಕ್ಕೆ ಒಂದು ಒಳ್ಳೇ ಡೈನಾಮಿಕ್ ಡ್ರೈವರ್ ಸಾಕು. ಶೂರ್ ಕಂಪನಿಯ ಎಸ್‌ಇ215ರಲ್ಲಿ ಇರೋದು ಕಿವಿಗೆ ಒಂದೇ ಡೈನಾಮಿಕ್. ಹೊರಗಿನ ಸದ್ದನ್ನು 37 ಡೆಸಿಬಲ್ ತನಕ ತಡೆಯುತ್ತೆ ಅಂತ ಕಂಪನಿ ಹೇಳುತ್ತೆ. ಬಜೆಟ್ ಕಮ್ಮಿ ಇದ್ದರೆ ಕೆಜೆಡ್‌ನ ಜೆಡ್‌ಎಸ್‌ಎನ್ ಪ್ರೋ ಎಕ್ಸ್ ಥರದ್ದು, ಒಂದು ಡೈನಾಮಿಕ್, ಒಂದು ಆರ್ಮೇಚರ್. ಡ್ರೈವರ್ ಸಂಖ್ಯೆ ನೋಡಿ ಕೊಳ್ಳೋದು ಅಂದ್ರೆ ಬರೀ ಕೋರ್ ಎಣಿಸಿ ಸರ್ವರ್ ಕೊಂಡ ಹಾಗೆ.

ಕೇಬಲ್ ಬಿಚ್ಚೋಕೆ ಬರೋದನ್ನೇ ಆರಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂಬೈಯ ತೇವ, ಮೇಲೆ ಸ್ಟೇಜಿನ ಬೆವರು. ಕಿವಿಯ ಹತ್ತಿರದ ಕನೆಕ್ಟರ್ ಕೈಕೊಡುವ ಸಂಭವ ಹೆಚ್ಚು. ನುಡಿಸಿ ಆದಮೇಲೆ ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿಡಿ. ಫೋಮ್ ತುದಿ ಬೇಗ ಹಾಳಾಗುತ್ತೆ, ಒಂದು ಜೊತೆ ಹೆಚ್ಚಿಗೆ ಇರಲಿ.

ಕಿವಿಯ ಅಚ್ಚು ತೆಗೆಸಿ ಮಾಡಿಸುವ ಕಸ್ಟಮ್ ಇನ್-ಇಯರ್ ಇನ್ನೂ ಒಳ್ಳೇದೇ, ದುಬಾರಿ. ಯಾವ ತುದಿಯೂ ಕೂರದೇ ಇದ್ದರೆ, ತಿಂಗಳಿಗೆ ನಾಲ್ಕಾರು ಷೋ ಇದ್ದರೆ ಯೋಚಿಸಿ.

ವೈರ್ ಸಾಕಾ, ವೈರ್‌ಲೆಸ್ ಬೇಕಾ?

ಬ್ಲೂಟೂತ್ ಇಯರ್‌ಬಡ್ ಮನೆಯಲ್ಲಿದೆಯಲ್ಲ ಅಂತ ಕೇಳಬೇಡಿ. ಆಂಪ್‌ನಿಂದ ಮೂರು ಮೀಟರ್ ದೂರ ನಿಂತರೆ ಸದ್ದು ನಮ್ಮನ್ನು ತಲುಪೋಕೆ ಸುಮಾರು 9 ಮಿಲಿಸೆಕೆಂಡ್. ಅದು ಅಭ್ಯಾಸವಾಗಿದೆ. ಸಾಮಾನ್ಯ ಬ್ಲೂಟೂತ್‌ನಲ್ಲಿ ಲೇಟೆನ್ಸಿ ನೂರು ಮಿಲಿಸೆಕೆಂಡ್ ದಾಟುತ್ತೆ. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಕಾಲು ಬೀಟ್ ಅಂದ್ರೆ 125 ಮಿಲಿಸೆಕೆಂಡ್. ಲೆಕ್ಕ ನೀವೇ ಹಾಕಿ.

ಸ್ಟೇಜ್‌ಗೆಂದೇ ಮಾಡಿದ 2.4 ಗಿಗಾಹರ್ಟ್ಸ್ ಡಿಜಿಟಲ್ ಸೆಟ್‌ಗಳು ಇದಕ್ಕಿಂತ ಎಷ್ಟೋ ವೇಗ. ಆದರೆ ಅದೇ ಬ್ಯಾಂಡ್‌ನಲ್ಲಿ ವೈ-ಫೈ, ಬ್ಲೂಟೂತ್ ಎಲ್ಲ ಇರುತ್ತೆ. ಖಾಲಿ ಹಾಲ್‌ನಲ್ಲಿ ಸೌಂಡ್‌ಚೆಕ್ ಚೆನ್ನಾಗಿ ಆಗಿ, ಐನೂರು ಫೋನ್ ಒಳಗೆ ಬಂದಮೇಲೆ ತೊಡಕಬಹುದು. ಬಾಸ್‌ನವರು ಹೇಗೂ ಡ್ರಮ್ಸ್ ಪಕ್ಕ ನಿಂತಲ್ಲೇ ನಿಲ್ಲೋರು. ಬೆಹ್ರಿಂಗರ್ ಪಿ1, ಪಿ2 ಥರದ, ಬೆಲ್ಟ್‌ಗೆ ಸಿಕ್ಕಿಸುವ ವೈರ್ ಆಂಪ್ ಸಾಕು. ಉಳಿದ ದುಡ್ಡಲ್ಲಿ ಬ್ಯಾಂಡ್‌ನವರೆಲ್ಲ ಸೇರಿ ಎಕ್ಸ್‌ಆರ್18 ಥರದ ಡಿಜಿಟಲ್ ಮಿಕ್ಸರ್‌ಗೆ ಹಾಕಿ. ಅದರಲ್ಲಿ ಆರು ಆಕ್ಸ್ ಔಟ್ ಇವೆ. ನಿಮ್ಮ ಮಿಕ್ಸನ್ನು ನಿಮ್ಮ ಫೋನ್‌ನಿಂದಲೇ ಸರಿಮಾಡಬಹುದು, ಸೇವ್ ಮಾಡಿಡಬಹುದು.

ಸೇವ್ ಮಾಡೋದು ಯಾಕೆ ಮುಖ್ಯ ಅಂದ್ರೆ, ಬಯಲಿನ ಕಾರ್ಯಕ್ರಮದಲ್ಲಿ ಧ್ವನಿವರ್ಧಕ ರಾತ್ರಿ ಹತ್ತಕ್ಕೆ ನಿಲ್ಲಬೇಕು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ಹಾಗಿದೆ. ಹಬ್ಬಗಳಿಗೆ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾಜ್ಯ ಸರ್ಕಾರ ಹನ್ನೆರಡರ ತನಕ ವಿನಾಯಿತಿ ಕೊಡಬಹುದು. ಭಾಷಣಗಳು ಎಳೆದು ನಮ್ಮ ಸೌಂಡ್‌ಚೆಕ್ ಐದು ನಿಮಿಷಕ್ಕೆ ಇಳಿದಾಗ ಸೇವ್ ಆದ ಮಿಕ್ಸೇ ಗತಿ.

ಮಿಕ್ಸ್‌ನಲ್ಲಿ ಏನಿರಲಿ?

ನಿಮ್ಮ ಬಾಸ್, ಕಿಕ್ ಡ್ರಮ್, ಹೈ-ಹ್ಯಾಟ್, ಗಾಯಕರ ದನಿ. ಉಳಿದದ್ದು ಸ್ವಲ್ಪ ಸ್ವಲ್ಪ. ರಾಜ್ಯೋತ್ಸವಕ್ಕೆ ಭಾವಗೀತೆ ನುಡಿಸೋರಾದರೆ ತಬಲಾದ ಡಗ್ಗಾ ಗಮನಿಸಿ. ಅದೂ ನಮ್ಮ ಜಾಗದಲ್ಲೇ ಕೂರುತ್ತೆ. ಡಗ್ಗಾ ಏರಿಸಿ ಅದರ ಮೇಲೆ ಬಾಸ್ ಏರಿಸೋ ಬದಲು, ಬಾಸ್‌ನ 700–1000 ಹರ್ಟ್ಸ್ ಹತ್ತಿರ ತುಸು ಎತ್ತಿ, ಬೆರಳಿನ ಸದ್ದು ಬಿಡಿಯಾಗಿ ಕೇಳುತ್ತೆ. ನಿಮ್ಮ ಆಕ್ಸ್‌ನಲ್ಲಿ ಹೈ-ಪಾಸ್ ಫಿಲ್ಟರ್ ಹಾಕಿಲ್ಲ ತಾನೇ ಅಂತ ಸೌಂಡ್‌ನವರನ್ನು ಕೇಳಿ. ಜನರ ಗದ್ದಲ ಬೇಕಾದರೆ ಒಂದು ಆ್ಯಂಬಿಯೆಂಟ್ ಮೈಕ್ ಕೇಳಿ. ಒಂದು ಕಿವಿ ತೆಗೀಬೇಡಿ. ಎರಡು ಕಿವಿಯಲ್ಲಿ ಕೇಳಿದಾಗ ಅದೇ ಸದ್ದು ದೊಡ್ಡದಾಗಿ ಕೇಳುತ್ತೆ. ಒಂದನ್ನು ತೆಗೆದ ತಕ್ಷಣ ಇನ್ನೊಂದರ ವಾಲ್ಯೂಮ್ ಕೈ ತಾನಾಗಿ ಏರಿಸುತ್ತೆ. ಎದೆಗೆ ಬಡಿಯುವ ಬಾಸ್ ಇನ್-ಇಯರ್‌ನಲ್ಲಿ ಸಿಗಲ್ಲ. ಅದನ್ನು ವಾಲ್ಯೂಮ್‌ನಿಂದ ತರೋಕೆ ಹೋಗಬೇಡಿ. ಮಿಕ್ಸರ್‌ನಲ್ಲಿ ಲಿಮಿಟರ್ ಇದ್ದರೆ ಹಾಕಿಸಿಕೊಳ್ಳಿ.

ಕೊನೆಯದಾಗಿ, ಕಿವಿಯ ಬಜೆಟ್

ಅಮೆರಿಕದ ನಿಯೋಶ್ ಸಂಸ್ಥೆಯ ಸಲಹೆ ಹೀಗಿದೆ: ದಿನಕ್ಕೆ 85 ಡೆಸಿಬಲ್ ಆದರೆ 8 ಗಂಟೆ. ಮುಂದಕ್ಕೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ. 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ. ಎರಡು ಗಂಟೆಯ ಷೋಗೆ 91 ದಾಟುವಂತಿಲ್ಲ.

ನನ್ನನ್ನು ಹೆದರಿಸಿದ್ದು ಇದಲ್ಲ, ಇನ್ನೊಂದು. ಜೋರು ಸದ್ದಿನಿಂದ ಕಿವಿ ಹಾಳಾಗೋದು ಮೊದಲು 4000 ಹರ್ಟ್ಸ್ ಆಸುಪಾಸಿನಲ್ಲಿ. ನಮ್ಮ ಬಾಸ್ ಇರೋದು ಎಲ್ಲೋ ಕೆಳಗೆ. ಹಾಗಾಗಿ ಬಾಸ್ ಚೆನ್ನಾಗೇ ಕೇಳ್ತಿರುತ್ತೆ, ಕಿವಿ ಹೋಗ್ತಿರೋದು ಗೊತ್ತೇ ಆಗಲ್ಲ. ಮೊದಲು ತಪ್ಪೋದು ಮಾತಿನ ಸ, ಶ, ತ ಅಕ್ಷರಗಳು. ಆಫೀಸ್ ಕಾಲ್‌ನಲ್ಲಿ, ಊರಿಂದ ಅಮ್ಮ ಫೋನ್ ಮಾಡಿದಾಗ.

ಅದಕ್ಕೆ ಹೊಸ ಇನ್-ಇಯರ್ ಕೊಳ್ಳುವ ವಾರವೇ ಒಂದು ಆಡಿಯೋಗ್ರಾಂ ಮಾಡಿಸಿಡಿ. ಬಾಂದ್ರಾದಲ್ಲಿ 1983ರಲ್ಲಿ ಶುರುವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್-ಶ್ರವಣ ಸಂಸ್ಥೆ ಇದೆ. ಊರಿಗೆ ಹೋದಾಗ ಆಗೋದಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಆಯಿಷ್ ಇದೆ. ವರ್ಷಕ್ಕೊಮ್ಮೆ ಮತ್ತೆ ಮಾಡಿಸಿ, ಹಳೇದರ ಪಕ್ಕ ಇಟ್ಟು ನೋಡಿ. ಸರ್ವರ್‌ಗೆ ಮಾನಿಟರಿಂಗ್ ಇಡ್ತೀವಿ, ಕಿವಿಗೆ ಬೇಡವಾ?

ನಾನು ಈಗಲೂ ಅದೇ ಐದು ಡ್ರೈವರ್‌ದನ್ನೇ ಹಾಕ್ತೀನಿ. ಬದಲಾಯಿಸಿದ್ದು ತುದಿ ಮಾತ್ರ: ಎಡಕ್ಕೆ ದೊಡ್ಡ ಅಳತೆಯ ಫೋಮ್, ಬಲಕ್ಕೆ ಮಧ್ಯಮ. ಬೆಲ್ಟ್‌ಪ್ಯಾಕ್‌ನ ಗುಂಡಿ ಅರ್ಧಕ್ಕಿಂತ ಕೆಳಗೇ ಇರುತ್ತೆ, ಇ ಸ್ವರ ಪೂರ್ತಿ ಕೇಳುತ್ತೆ.